ಮಾಸ್ಟರ್ ಪಾಸ್‌ವರ್ಡ್ ಯೋಚಿಸಬೇಡಿ, ದಾಳ ಉರುಳಿಸಿ

ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೆಡೆ ಬೀಗ ಹಾಕಿಡುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್ ಬಳಸಲು ಆರಂಭಿಸಿದವರು ನೆನಪಿಟ್ಟುಕೊಳ್ಳಬೇಕಾದ ಪಾಸ್‌ವರ್ಡ್ ಒಂದೇ, ಅದನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್. ಇಮೇಲ್, ಬ್ಯಾಂಕ್ ಖಾತೆ, ಫೋಟೋಗಳು, ಕಚೇರಿಯ ಕಡತಗಳು, ಹೀಗೆ ಎಲ್ಲದರ ಕೀಲಿಗಳೂ ಆ ಒಂದರ ಹಿಂದೆ ಸೇರಿಕೊಳ್ಳುವುದರಿಂದ ಅದನ್ನು ರೂಪಿಸುವುದಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡುವುದು ಸರಿ. ಆದರೆ ಹೆಚ್ಚಿನವರು ಪರದೆಯ ಮೇಲೆ ಖಾಲಿ ಚೌಕ ಕಾಣಿಸಿಕೊಂಡ ಮೇಲೆಯೇ ಯೋಚಿಸಲು ಕೂತು, ಅರ್ಧ ನಿಮಿಷದಲ್ಲಿ ತೋಚಿದ್ದನ್ನು ಬರೆದುಬಿಡುತ್ತಾರೆ. ಅರ್ಧ ನಿಮಿಷದ ಬದಲು ಅರ್ಧ ದಿನ ಯೋಚಿಸಿದರೂ ಫಲ ಅಷ್ಟೇನೂ ಬೇರೆಯಾಗುವುದಿಲ್ಲ, ಏಕೆಂದರೆ ಯೋಚಿಸಿ ಹುಟ್ಟಿಸಿದ ಪಾಸ್‌ವರ್ಡ್ ಅಷ್ಟರಮಟ್ಟಿಗೆ ಊಹೆಗೆ ಸಿಗುವಂಥದ್ದೇ. ಈ ಬರಹದಲ್ಲಿ ಹೇಳುವ ವಿಧಾನಕ್ಕೆ ಬೇಕಾದದ್ದು ನಾಲ್ಕು ದಾಳಗಳು, ಒಂದು ಪದಪಟ್ಟಿ, ಕಾಗದ ಮತ್ತು ಪೆನ್ನು.

ಕಳ್ಳನ ಕೈಯಲ್ಲಿ ಏನಿದೆ?

ಒಮ್ಮೆ ನಾನು ರಾತ್ರಿ ಮಲಗುವ ಮುನ್ನ ಮಾಸ್ಟರ್ ಪಾಸ್‌ವರ್ಡ್ ಬದಲಿಸಿ, ಐದೇ ಪದಗಳಲ್ಲವೇ ಎಂಬ ಧೈರ್ಯದಿಂದ ಎಲ್ಲಿಯೂ ಬರೆದಿಟ್ಟುಕೊಳ್ಳದೆ ಮಲಗಿದ್ದೆ. ಎರಡು ದಿನಗಳ ನಂತರ ಐದು ಪದಗಳೂ ನೆನಪಿನಲ್ಲಿದ್ದವು, ಅವುಗಳ ಕ್ರಮ ಮಾತ್ರ ಹೋಗಿತ್ತು. ಐದು ಪದಗಳನ್ನು 120 ಬಗೆಯಲ್ಲಿ ಜೋಡಿಸಬಹುದು. ಒಂದು ಹಾಳೆಯಲ್ಲಿ ಸಾಲುಗಳನ್ನು ಬರೆದುಕೊಂಡು, ಒಂದೊಂದನ್ನೇ ಒತ್ತಿ, ತಪ್ಪಿದ್ದನ್ನು ಹೊಡೆದುಹಾಕುತ್ತಾ ಹೋಗಿ, ಅರ್ಧ ಹಾಳೆ ಮುಗಿಯುವ ಹೊತ್ತಿಗೆ ಕಡತ ತೆರೆಯಿತು. ವಾಲ್ಟ್‌ನ, ಅಂದರೆ ಪಾಸ್‌ವರ್ಡ್‌ಗಳೆಲ್ಲ ಇರುವ ಭಂಡಾರದ, ಕಡತ ನನ್ನ ಕಂಪ್ಯೂಟರಿನಲ್ಲೇ ಇದ್ದುದರಿಂದ ಎಷ್ಟು ಬಾರಿ ತಪ್ಪಿದರೂ ಅದು ನನ್ನನ್ನು ಹೊರಗಟ್ಟಲಿಲ್ಲ.

ಅಂದು ನನ್ನನ್ನು ಉಳಿಸಿದ ಆ ಸೌಕರ್ಯವೇ ಕಳ್ಳನಿಗೂ ಇರುತ್ತದೆ. ಮೂರು ಬಾರಿ ತಪ್ಪಿದರೆ ಖಾತೆಗೆ ಬೀಗ ಬೀಳುವುದು ಸರ್ವರಿನ ಬಾಗಿಲಲ್ಲಿ ಮಾತ್ರ. ಎನ್‌ಕ್ರಿಪ್ಟ್ ಆದ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿದ, ವಾಲ್ಟ್‌ನ ಪ್ರತಿಯೇ ಕೈಗೆ ಸಿಕ್ಕಿದವನು ತನ್ನ ಯಂತ್ರಗಳಲ್ಲಿ ಹಗಲಿರುಳೂ ಊಹೆಗಳನ್ನು ಹೂಡುತ್ತಾ ಕೂರಬಹುದು, ಅವನನ್ನು ತಡೆಯುವ ಕಾವಲುಗಾರ ಯಾರೂ ಇಲ್ಲ. ಇದು ಬರಿಯ ಕಲ್ಪನೆಯಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಸಂಸ್ಥೆಯಿಂದ ಗ್ರಾಹಕರ ವಾಲ್ಟ್‌ಗಳ ಬ್ಯಾಕಪ್ ಪ್ರತಿಗಳೇ ಕಳುವಾದವು. ಎರಡು ಹಂತದ ದೃಢೀಕರಣ ಇದೆಯಲ್ಲ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಸಾಮಾನ್ಯವಾಗಿ ಆ ಎರಡನೆಯ ಹಂತ ಕಾಯುವುದು ಲಾಗಿನ್ ಬಾಗಿಲನ್ನು. ಆಗಲೇ ಹೊರಗೆ ಹೋಗಿರುವ ಪ್ರತಿಯನ್ನು ಕಾಯುವುದು ಮಾಸ್ಟರ್ ಪಾಸ್‌ವರ್ಡ್ ಒಂದೇ. ಒನ್‌ಪಾಸ್‌ವರ್ಡ್ ಎಂಬ ಮ್ಯಾನೇಜರಿನಲ್ಲಿ ಸಾಧನದಲ್ಲಷ್ಟೇ ಇರುವ 128 ಬಿಟ್‌ಗಳ ರಹಸ್ಯ ಕೀಲಿಯೊಂದು ಪಾಸ್‌ವರ್ಡಿನ ಜೊತೆ ಬೆರೆಯುತ್ತದೆ, ಕೀಪಾಸ್ ಎಂಬ ಇನ್ನೊಂದರಲ್ಲಿ ಬೇಕೆಂದರೆ ಕೀಲಿಕಡತವೊಂದನ್ನು ಜೋಡಿಸಬಹುದು. ಇವು ಒಳ್ಳೆಯ ಏರ್ಪಾಡುಗಳೇ. ಆದರೆ ಕೀಲಿಯಿರುವ ಲ್ಯಾಪ್‌ಟಾಪೇ ಕಳುವಾದರೆ ಮತ್ತೆ ಭಾರವೆಲ್ಲ ಪಾಸ್‌ವರ್ಡಿನ ಮೇಲೆಯೇ ಬೀಳುತ್ತದೆ.

ಯೋಚನೆ ಏಕೆ ಸೋಲುತ್ತದೆ?

ಒಂದು ಹೆಸರು, ನಡುವೆ ಒಂದು ಚಿಹ್ನೆ, ಕೊನೆಗೊಂದು ಇಸವಿ: ಇದು ಲಕ್ಷಾಂತರ ಜನರಿಗೆ ಸ್ವತಂತ್ರವಾಗಿ ಹೊಳೆಯುವ ಉಪಾಯ. ಹತ್ತು ಸಾವಿರ ಹೆಸರುಗಳು, ನೂರು ಇಸವಿಗಳು, ಚಿಹ್ನೆ ಮತ್ತು ದೊಡ್ಡಕ್ಷರಗಳನ್ನು ಇಡುವ ಇಪ್ಪತ್ತು ಬಗೆಗಳು ಎಂದು ಲೆಕ್ಕ ಹಾಕಿದರೆ ಒಟ್ಟು ಸಾಧ್ಯತೆಗಳು 2 ಕೋಟಿ. ಸೆಕೆಂಡಿಗೆ 10 ಲಕ್ಷ ಊಹೆ ಮಾಡಬಲ್ಲವನಿಗೆ ಅದು 20 ಸೆಕೆಂಡುಗಳ ಕೆಲಸ. ಎ ಅಕ್ಷರದ ಬದಲು ಅಟ್ ಚಿಹ್ನೆ, ಓ ಬದಲು ಸೊನ್ನೆ, ಎಸ್ ಬದಲು ಡಾಲರ್ ಚಿಹ್ನೆ ಹಾಕುವುದು ಜಾಣತನವೆಂದು ನಮಗೆ ತೋರಬಹುದು. ಪಾಸ್‌ವರ್ಡ್ ಮುರಿಯುವ ಹ್ಯಾಶ್‌ಕ್ಯಾಟ್‌ನಂಥ ತಂತ್ರಾಂಶಗಳಲ್ಲಿ ಈ ಅದಲುಬದಲುಗಳೆಲ್ಲ ಸಿದ್ಧ ನಿಯಮಗಳಾಗಿ ಕೂತಿವೆ. ನಾವು ಚಾಪೆಯ ಕೆಳಗೆ ತೂರಿದರೆ ಅವು ರಂಗೋಲಿಯ ಕೆಳಗೇ ತೂರುತ್ತವೆ. ಹಾಡಿನ ಮೊದಲ ಸಾಲು, ಗಾದೆ, ಶ್ಲೋಕದ ಪಾದಗಳ ಮೊದಲಕ್ಷರಗಳು ಇವೆಲ್ಲ ಉದ್ದವಾಗಿದ್ದರೂ ಒಮ್ಮೆ ಎಲ್ಲೋ ಅಚ್ಚಾದವು, ಹಾಗಾಗಿ ಊಹೆಯ ಪಟ್ಟಿಗೆ ಸೇರಬಲ್ಲವು. ಜನರು ನಿಜವಾಗಿ ಏನನ್ನು ಆರಿಸುತ್ತಾರೆ ಎಂಬುದೂ ಈಗ ಗುಟ್ಟಲ್ಲ: 2009ರಲ್ಲಿ ರಾಕ್‌ಯೂ ಜಾಲತಾಣದಿಂದ ಸೋರಿದ 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳು ಇದ್ದಂತೆಯೇ ಬಯಲಾದವು, ಅಂದಿನಿಂದ ಆ ಪಟ್ಟಿ ಪಾಸ್‌ವರ್ಡ್ ಮುರಿಯುವವರ ಪಠ್ಯಪುಸ್ತಕವಾಗಿದೆ.

ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಲೇಬೇಕು, ಆಗಾಗ ಬದಲಿಸುತ್ತಲೇ ಇರಬೇಕು ಎಂಬ ಕಟ್ಟಳೆಗೆ ಬಲ ತುಂಬಿದ್ದು ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯಾದ ನಿಸ್ಟ್‌ನ 2003ರ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ತಮ್ಮ ಆ ಸಲಹೆಗಳ ಬಗ್ಗೆ ವಿಷಾದ ವ್ಯಕ್ತಪಡಿಸಿದರು, ಅದೇ ವರ್ಷ ನಿಸ್ಟ್ ತನ್ನ ಹೊಸ ಆವೃತ್ತಿಯಲ್ಲಿ ಎರಡನ್ನೂ ಕೈಬಿಟ್ಟಿತು. ಕೈಬಿಟ್ಟ ನಿಯಮಗಳು ಎಷ್ಟೋ ಅರ್ಜಿ ನಮೂನೆಗಳಲ್ಲಿ ಇನ್ನೂ ಜೀವಂತವಾಗಿರುವುದನ್ನು ನೀವೂ ನೋಡಿರುತ್ತೀರಿ.

ಬಲವನ್ನು ಅಳೆಯುವುದು ಹೇಗೆ?

ಆರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ಡೈಸ್‌ವೇರ್ ಎಂಬ ವಿಧಾನವನ್ನು ಪ್ರಕಟಿಸಿದರು. ಐದು ದಾಳಗಳನ್ನು ಉರುಳಿಸಿದರೆ 7,776 ಬಗೆಯ ಫಲಿತಗಳು ಸಾಧ್ಯ. ಅಷ್ಟೇ ಪದಗಳ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಬಿದ್ದ ಸಂಖ್ಯೆಗೆ ಎದುರಾಗಿರುವ ಪದವನ್ನು ಬರೆದುಕೊಳ್ಳುವುದು, ಹೀಗೆ ಬೇಕಾದಷ್ಟು ಪದಗಳನ್ನು ಆರಿಸುವುದು. ಇಲ್ಲಿ ಪಟ್ಟಿ ಗುಟ್ಟಾಗಿರಬೇಕಿಲ್ಲ. ಯಾವ ಪಟ್ಟಿ, ಎಷ್ಟು ಪದ, ಯಾವ ವಿಧಾನ ಎಂಬುದೆಲ್ಲ ಶತ್ರುವಿಗೆ ತಿಳಿದಿದ್ದರೂ ಕೀಲಿಯೊಂದು ತಿಳಿಯದಿದ್ದರೆ ಸಾಕು ಎಂಬಂತೆ ವ್ಯವಸ್ಥೆಯಿರಬೇಕೆಂದು ಗೂಢಲಿಪಿ ತಜ್ಞ ಕರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದ, ದಾಳದ ವಿಧಾನ ಆ ಮಾತಿಗೆ ಹೊಂದಿಕೊಂಡು ನಿಲ್ಲುತ್ತದೆ.

ಈ ವಿಧಾನದಲ್ಲಿ ನನಗೆ ತುಂಬ ಇಷ್ಟವಾದದ್ದು ಲೆಕ್ಕದ ಸರಳತೆ. ಪದಗಳು ಎಷ್ಟಿವೆ ಎಂಬುದನ್ನು ಮರೆತುಬಿಡಬಹುದು, ದಾಳ ಎಷ್ಟು ಬಾರಿ ಬಿತ್ತು ಎಂಬುದನ್ನು ಎಣಿಸಿದರಾಯಿತು. 7,776 ಪದಗಳ ಪಟ್ಟಿಯಿಂದ ಆರು ಪದ ತೆಗೆಯಲು ದಾಳ 30 ಬಾರಿ ಬೀಳಬೇಕು. ಮೂರೇ ದಾಳಗಳಿಗೆ ಸಾಕಾಗುವ 216 ಪದಗಳ ಪಟ್ಟಿಯಿಂದ ಹತ್ತು ಪದ ತೆಗೆದರೂ ದಾಳ ಬೀಳುವುದು 30 ಬಾರಿಯೇ. ಎರಡರ ಬಲವೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ, ಸುಮಾರು 77.5 ಬಿಟ್ (ಒಂದು ಬಿಟ್ ಹೆಚ್ಚಿದರೆ ಸಾಧ್ಯತೆಗಳು ಇಮ್ಮಡಿಯಾಗುತ್ತವೆ).

ಎಷ್ಟು ಬಾರಿ ಸಾಕು? ನೂರಾರು ಕೋಟಿ ಊಹೆಗಳ ಮಾತಾದ್ದರಿಂದ ಕಳ್ಳನಿಗೆ ತುಸು ಉದಾರವಾಗಿಯೇ ಲೆಕ್ಕ ಹಾಕೋಣ. ಅವನು ಸೆಕೆಂಡಿಗೆ 100 ಕೋಟಿ ಊಹೆ ಮಾಡಬಲ್ಲ ಎಂದಿಟ್ಟುಕೊಂಡರೆ, 20 ಬಾರಿ ಬಿದ್ದ ದಾಳದ ಎಲ್ಲ ಸಾಧ್ಯತೆಗಳನ್ನೂ ಅವನು ಸುಮಾರು 42 ದಿನಗಳಲ್ಲಿ ತಡಕಿ ಮುಗಿಸುತ್ತಾನೆ. 25 ಬಾರಿಗೆ ಅದು 900 ವರ್ಷ, 28 ಬಾರಿಗೆ 1 ಲಕ್ಷ 90 ಸಾವಿರ ವರ್ಷ, 30 ಬಾರಿಗೆ 70 ಲಕ್ಷ ವರ್ಷವಾಗುತ್ತದೆ. ಸರಾಸರಿಯಲ್ಲಿ ಅರ್ಧ ದಾರಿಯಲ್ಲೇ ಅವನಿಗೆ ಸಿಕ್ಕಿಬಿಡಬಹುದು, ಹಾಗಾಗಿ ಈ ಅಂಕಿಗಳನ್ನು ಎರಡರಿಂದ ಭಾಗಿಸಿಕೊಳ್ಳಿ. ನನ್ನ ಮಟ್ಟಿಗೆ 25 ಕನಿಷ್ಠ, 28ರಿಂದ 30 ನೆಮ್ಮದಿ. ಅದಕ್ಕಿಂತ ಮುಂದೆ ಹೋಗುವುದು ಬೆರಳುಗಳಿಗೆ ಕೊಡುವ ಶಿಕ್ಷೆ.

ಮ್ಯಾನೇಜರ್ ತಾನೂ ಕಳ್ಳನ ವೇಗವನ್ನು ತಗ್ಗಿಸುತ್ತದೆ. ನೀವು ಒತ್ತಿದ ಪಾಸ್‌ವರ್ಡನ್ನು ಅದು ನೇರವಾಗಿ ಕೀಲಿಯಾಗಿ ಬಳಸದೆ, ಪಿಬಿಕೆಡಿಎಫ್2 ಅಥವಾ ಆರ್ಗನ್2 ಎಂಬ ಲೆಕ್ಕದ ಗಾಣಕ್ಕೆ ಹಾಕಿ ಸುತ್ತು ಸುತ್ತಾಗಿ ಅರೆದು ಕೀಲಿ ತೆಗೆಯುತ್ತದೆ. ನಿಮಗೆ ಅದು ಒಂದು ಸೆಕೆಂಡಿನ ವಿಳಂಬ, ಕಳ್ಳನಿಗೆ ಪ್ರತಿ ಊಹೆಗೂ ಅಷ್ಟೇ ಸುತ್ತುಗಳ ವೆಚ್ಚ. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗನ್2 ಸಮಯದ ಜೊತೆಗೆ ಮೆಮೊರಿಯನ್ನೂ ಬೇಡುವುದರಿಂದ ಸೆಟ್ಟಿಂಗ್ಸ್‌ನಲ್ಲಿ ಅದು ಸಿಕ್ಕರೆ ಅದನ್ನೇ ಆರಿಸಿ; ಪಿಬಿಕೆಡಿಎಫ್2 ಮಾತ್ರ ಇದ್ದರೆ ಸುತ್ತುಗಳ ಸಂಖ್ಯೆ 6 ಲಕ್ಷಕ್ಕೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಿ. ಹಳೆಯ ಖಾತೆಗಳಲ್ಲಿ ಈ ಸಂಖ್ಯೆ ಹಳೆಯ ಮಟ್ಟದಲ್ಲೇ ಉಳಿದಿರುವುದುಂಟು. ಆದರೂ ಇದನ್ನೇ ನಂಬಿ ಪಾಸ್‌ವರ್ಡನ್ನು ಚಿಕ್ಕದು ಮಾಡಬೇಡಿ: ಸುತ್ತುಗಳನ್ನು ಇಮ್ಮಡಿ ಮಾಡಿದರೆ ಕಳ್ಳನ ಕೆಲಸ ಇಮ್ಮಡಿಯಾಗುತ್ತದೆ, ದಾಳವನ್ನು ಇನ್ನೊಂದೇ ಬಾರಿ ಉರುಳಿಸಿದರೆ ಆರು ಪಟ್ಟಾಗುತ್ತದೆ.

ಕನ್ನಡ ಪದಗಳ ಪಟ್ಟಿ

ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಇಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2016ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪಟ್ಟಿಗಳು ಉಚಿತವಾಗಿ ಸಿಗುತ್ತವೆ: ಐದು ದಾಳಕ್ಕೆ 7,776 ಪದಗಳದೊಂದು, ನಾಲ್ಕು ದಾಳಕ್ಕೆ 1,296 ಪದಗಳವೆರಡು. ಇಂಗ್ಲಿಷ್ ಪದಗಳ ಕಾಗುಣಿತ ಸಲೀಸಾಗಿದ್ದವರು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಮುಂದುವರಿಯಬಹುದು. ಕನ್ನಡದಲ್ಲೇ ಯೋಚಿಸುವವರಿಗೆ ಕನ್ನಡ ಪದಗಳು ಬೇಗ ಮನಸ್ಸಿಗೆ ಅಂಟುತ್ತವೆ, ಆದರೆ ಎರಡು ಎಚ್ಚರಿಕೆಗಳಿವೆ.

ಮೊದಲನೆಯದು, ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲೇ ಇಡುವ ಆಸೆಯನ್ನು ಬಿಡಬೇಕಾಗುತ್ತದೆ. ಪರದೆಯ ಮೇಲೆ ಒಂದೇ ರೀತಿ ಕಾಣುವ ಕೋ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಚಿಹ್ನೆಯನ್ನು ಬಿಡಿ ತುಣುಕುಗಳಾಗಿ ಜೋಡಿಸಿಯೂ ಬರೆಯಬಹುದು. ಕೆಲವು ಕೀಲಿಮಣೆಗಳು ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನೂ ಸೇರಿಸುತ್ತವೆ. ತಂತ್ರಾಂಶ ಇವನ್ನೆಲ್ಲ ಒಂದೇ ರೂಪಕ್ಕೆ ತಾರದಿದ್ದರೆ ಲ್ಯಾಪ್‌ಟಾಪಿನಲ್ಲಿ ಇಟ್ಟ ಪಾಸ್‌ವರ್ಡು ಫೋನಿನಲ್ಲಿ ತಪ್ಪೆಂದು ತೋರುತ್ತದೆ, ಮತ್ತು ಪಾಸ್‌ವರ್ಡಿನ ಚೌಕದಲ್ಲಿ ಕಾಣುವುದು ಬರಿಯ ಚುಕ್ಕೆಗಳಾದ್ದರಿಂದ ತಪ್ಪು ಎಲ್ಲಿದೆಯೆಂದು ಕಾಣುವುದೂ ಇಲ್ಲ. ಆದ್ದರಿಂದ ಕನ್ನಡ ಪದ, ಇಂಗ್ಲಿಷ್ ಅಕ್ಷರ.

ಎರಡನೆಯ ತೊಡಕು ಅಲ್ಲಿಂದಲೇ ಹುಟ್ಟುತ್ತದೆ. ಹಾಲು ಎಂದು ಬರೆಯುವಾಗ ಎ ಒಂದೋ ಎರಡೋ? ಮೀನಿಗೆ ಎರಡು ಇ ಹಾಕುತ್ತೀರೋ, ಒಂದು ಐ ಸಾಕೋ? ಬೆಳ್ಳುಳ್ಳಿಯ ಳಕಾರ ದೊಡ್ಡಕ್ಷರವೋ ಸಣ್ಣಕ್ಷರವೋ? ಇಂದು ಒಂದು ಬಗೆ, ಆರು ತಿಂಗಳ ನಂತರ ಇನ್ನೊಂದು ಬಗೆ ಬರೆಯುವುದೇ ನಮ್ಮೆಲ್ಲರ ರೂಢಿ. ಹಾಗಾಗಿ ಪಟ್ಟಿಗೆ ಪದ ಆರಿಸುವಾಗ ದೀರ್ಘ ಸ್ವರ, ಮಹಾಪ್ರಾಣ, ಳ, ಶ, ಷ ಇರುವ ಪದಗಳನ್ನೂ, ನಾಲಗೆ, ನಾಲಿಗೆ ಎಂಬಂತೆ ಎರಡು ರೂಪವಿರುವ ಪದಗಳನ್ನೂ ದೂರವಿಡಿ. ನವಿಲು, ಹಗ್ಗ, ಕನ್ನಡಿ, ಬುಗುರಿ, ಮುಗಿಲು, ಗಡಿಗೆ, ತುಟಿ, ಬೆಕ್ಕು, ಕುದುರೆ, ನದಿ: ಇಂಥವನ್ನು ಯಾರು ಬರೆದರೂ ಇಂಗ್ಲಿಷ್ ಅಕ್ಷರಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಬರೆಯುತ್ತಾರೆ, ಮತ್ತು ಪ್ರತಿಯೊಂದಕ್ಕೂ ಕಣ್ಣ ಮುಂದೆ ಒಂದು ಚಿತ್ರವಿದೆ.

ನಾನು ಮೊದಲು 216 ಪದಗಳ ಪಟ್ಟಿ ಮಾಡಿಕೊಂಡಿದ್ದೆ. ಒಂದು ಸಂಜೆಯ ಕೆಲಸ ಅದು. ಆದರೆ ಹತ್ತು ಪದಗಳನ್ನು ಫೋನಿನಲ್ಲಿ ಒತ್ತುವುದು ಬೇಸರ ಹುಟ್ಟಿಸಿತು. ಮತ್ತೆ ಕಿರುನಿಘಂಟೊಂದನ್ನು ತಿರುವಿಹಾಕುತ್ತಾ, ಕೆಲವು ದಿನ ತೆಗೆದುಕೊಂಡು 1,296ಕ್ಕೆ ಹಿಗ್ಗಿಸಿದೆ. ಅದರಿಂದ ಏಳು ಪದ ಸಾಕು, ದಾಳ ಬೀಳುವುದು 28 ಬಾರಿ. ಪಟ್ಟಿಯಲ್ಲಿ ಒಂದೇ ಪದ ಎರಡು ಕಡೆ ಬರದಂತೆ ಅಕಾರಾದಿಯಾಗಿ ಜೋಡಿಸಿ ನೋಡಿಕೊಂಡು, ಒಂದು ಒಂದು ಒಂದು ಒಂದು ಎಂಬಲ್ಲಿಂದ ಆರು ಆರು ಆರು ಆರು ಎಂಬವರೆಗೆ ಸಂಖ್ಯೆ ಕೊಡಿ.

ಪಟ್ಟಿ ಮಾಡುವಷ್ಟು ವ್ಯವಧಾನವಿಲ್ಲದವರು ಮ್ಯಾನೇಜರ್ ತಾನೇ ಕೊಡುವ ಪದಗುಚ್ಛ ತಯಾರಕವನ್ನು ಬಳಸಬಹುದು, ಆಗಲೂ ಆರಿಸುವವರು ನೀವಾಗಿರುವುದಿಲ್ಲ.

ದಾಳ ಉರುಳಿದ ಮೇಲೆ

ನಾಲ್ಕು ದಾಳಗಳನ್ನು ಒಂದು ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ ಮೇಜಿನ ಮೇಲೆ ಚೆಲ್ಲಿ, ನಿಂತಲ್ಲೇ ಎಡದಿಂದ ಬಲಕ್ಕೆ ಓದಿ. ನಾಲ್ಕು, ಒಂದು, ಆರು, ಎರಡು ಎಂದು ಬಿದ್ದರೆ ಪಟ್ಟಿಯ 4162ನೆಯ ಮನೆಯಲ್ಲಿರುವ ಪದವನ್ನು ಬರೆದುಕೊಳ್ಳಿ. ಹೀಗೆ ಏಳು ಬಾರಿ. ಕಂಪ್ಯೂಟರಿನ ಕಡತದಲ್ಲಿಯೋ ಫೋನಿನ ಟಿಪ್ಪಣಿಯಲ್ಲಿಯೋ ಬರೆಯದೆ ಕಾಗದದ ಮೇಲೆ ಬರೆಯಿರಿ, ಫೋನಿನ ಕ್ಯಾಮೆರಾ ಅತ್ತ ಸುಳಿಯದಿರಲಿ.

ಈಗ ಬರುವುದೇ ಪರೀಕ್ಷೆಯ ಘಳಿಗೆ. ನವಿಲು, ಹಗ್ಗ, ಕನ್ನಡಿ, ಬುಗುರಿ, ಮುಗಿಲು, ಗಡಿಗೆ, ತುಟಿ ಎಂದು ಬಂತೆನ್ನಿ. ಹಗ್ಗ ಚೆನ್ನಾಗಿಲ್ಲ, ಇನ್ನೊಮ್ಮೆ ಹಾಕೋಣ ಎಂದು ಕೈ ತುಡಿಯುತ್ತದೆ. ಬುಗುರಿಯನ್ನು ಮೊದಲಿಗೆ ತಂದರೆ ವಾಕ್ಯದಂತೆ ಓದಿಸಿಕೊಳ್ಳುತ್ತದೆ ಎಂದೂ ಅನಿಸುತ್ತದೆ. ಎರಡೂ ಬೇಡ. ಪೂರ್ತಿ ಗುಚ್ಛವನ್ನೇ ನಾಲ್ಕು ಬಾರಿ ತೆಗೆದು ಒಂದನ್ನು ಆರಿಸಿಕೊಂಡರೆ ಹೆಚ್ಚೆಂದರೆ ಎರಡು ಬಿಟ್ ಹೋಗುತ್ತದೆ, ಅದನ್ನು ಸಹಿಸಬಹುದು. ಆದರೆ ಪದಗಳ ಕ್ರಮವನ್ನು ಕಿವಿಗೆ ಇಂಪಾಗುವಂತೆ ಬದಲಿಸಿದರೆ, ಏಳು ಪದಗಳಿಗೆ ಇರುವ 5,040 ಕ್ರಮಗಳಲ್ಲಿ ಊಹಿಸಬಹುದಾದ ಕೆಲವಕ್ಕೆ ಇಳಿದುಬಿಡುತ್ತೀರಿ. ಅದು ಹೆಚ್ಚುಕಡಿಮೆ ಒಂದು ಇಡೀ ಪದವನ್ನು ಕಿತ್ತು ಬಿಸಾಡಿದಷ್ಟು ನಷ್ಟ. ಮೇಲಿನ ಏಳು ಪದಗಳನ್ನೂ ಇದೇ ಕ್ರಮದಲ್ಲಿ ನಿಮ್ಮದಾಗಿ ಮಾಡಿಕೊಳ್ಳಬಾರದು ಎಂದು ಬೇರೆ ಹೇಳಬೇಕಿಲ್ಲ, ಅವು ಇಲ್ಲಿ ಅಚ್ಚಾಗಿವೆ.

ಪದಗಳ ನಡುವೆ ಅಡ್ಡಗೆರೆ ಅಥವಾ ಖಾಲಿ ಜಾಗ ಬಿಡಿ. ತಂತ್ರಾಂಶ ಹಟ ಹಿಡಿದು ದೊಡ್ಡಕ್ಷರವನ್ನೂ ಅಂಕಿಯನ್ನೂ ಕೇಳಿದರೆ ಮೊದಲಕ್ಷರವನ್ನು ದೊಡ್ಡದು ಮಾಡಿ ಕೊನೆಗೊಂದು ಅಂಕಿ ಇಟ್ಟರಾಯಿತು, ಬಲದ ಲೆಕ್ಕಕ್ಕೆ ಅವನ್ನು ಸೇರಿಸಿಕೊಳ್ಳಬೇಡಿ.

ಕ್ರಮ ಬದಲಿಸದೆ ನೆನಪಿಡುವುದಕ್ಕೆ ಕಥೆ ಕಟ್ಟಬೇಕು. ನವಿಲೊಂದು ಹಗ್ಗ ಕಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದೆ. ಕನ್ನಡಿಯೊಳಗಿಂದ ಬುಗುರಿಯೊಂದು ಗಿರ್ರೆಂದು ತಿರುಗುತ್ತಾ ಮುಗಿಲಿಗೇರಿ, ಅಲ್ಲಿಂದ ಗಡಿಗೆಯೊಳಗೆ ದುಡುಮ್ಮನೆ ಬಿದ್ದು ಅದರ ತುಟಿ ಒಡೆಯಿತು. ಕಥೆ ಎಷ್ಟು ಅಸಂಬದ್ಧವಾಗಿರುತ್ತದೋ ಅಷ್ಟು ಗಟ್ಟಿಯಾಗಿ ಉಳಿಯುತ್ತದೆ. ನಾನು ಐದು ಪದಗಳ ಕ್ರಮ ಕಳೆದುಕೊಂಡದ್ದು ಹೀಗೊಂದು ಕಥೆ ಕಟ್ಟದೆ, ಪದಗಳನ್ನು ಬರಿಯ ಪದಗಳಾಗಿ ಬಾಯಿಪಾಠ ಮಾಡಿದ್ದರಿಂದ.

ಬಳಕೆಗೆ ತರುವ ಬಗೆ

ಹೊಸ ಪಾಸ್‌ವರ್ಡನ್ನು ಬೆಳಗಿನ ಹೊತ್ತು, ಮುಂದೆ ಹಲವು ಬಾರಿ ಒತ್ತಲು ಅವಕಾಶವಿರುವ ದಿನ ಇಡುವುದು ಒಳ್ಳೆಯದು. ಇಡುವ ಮುನ್ನ ವಾಲ್ಟ್‌ನ ಬ್ಯಾಕಪ್ ಇದೆಯೇ ನೋಡಿಕೊಳ್ಳಿ. ಇಟ್ಟ ಕೂಡಲೇ ಲಾಕ್ ಮಾಡಿ, ಕಾಗದ ನೋಡದೆ ತೆರೆಯಿರಿ. ಲ್ಯಾಪ್‌ಟಾಪಿನಲ್ಲಾದ ಮೇಲೆ ಫೋನಿನಲ್ಲಿ. ಮೊದಲ ಎರಡು ವಾರ ಬೆರಳಚ್ಚು ಮತ್ತು ಮುಖ ಗುರುತಿಸುವ ಸೌಲಭ್ಯವನ್ನು ನಿಲ್ಲಿಸಿಡಬೇಕೆಂಬುದು ನನ್ನ ಕಟ್ಟುನಿಟ್ಟಿನ ಸಲಹೆ, ಏಕೆಂದರೆ ಬೆರಳಿಟ್ಟು ತೆರೆಯುವ ಸುಖಕ್ಕೆ ಒಗ್ಗಿದವರಿಗೆ ಮಾಸ್ಟರ್ ಪಾಸ್‌ವರ್ಡ್ ನೆನಪಾಗಬೇಕಾಗುವುದು ಹೊಸ ಫೋನ್ ಕೊಂಡ ದಿನವೇ, ಮತ್ತು ಅಂದು ಅದು ಬರುವುದಿಲ್ಲ. ದಿನಕ್ಕೆ ನಾಲ್ಕೈದು ಬಾರಿ ಒತ್ತಿದರೆ ಎರಡನೆಯ ವಾರದ ಹೊತ್ತಿಗೆ ಪದಗಳು ತಲೆಯಿಂದ ಬೆರಳಿಗೆ ಇಳಿದಿರುತ್ತವೆ. ಆಮೇಲೆ ಬೆರಳಚ್ಚನ್ನು ಮತ್ತೆ ಹಚ್ಚಿಕೊಂಡರೂ ವಾರಕ್ಕೊಮ್ಮೆ ಪಾಸ್‌ವರ್ಡ್ ಕೇಳುವಂತೆ ಇಡಿ.

ಈ ಪಾಸ್‌ವರ್ಡನ್ನು ಬೇರೆಲ್ಲಿಯೂ ಬಳಸುವಂತಿಲ್ಲ, ಮ್ಯಾನೇಜರಿನ ಸ್ವಂತ ಆ್ಯಪ್ ಅಥವಾ ಬ್ರೌಸರ್ ವಿಸ್ತರಣೆಯ ಹೊರಗೆ ಒತ್ತುವಂತಿಲ್ಲ. ಇಮೇಲ್‌ನಲ್ಲಿ ಬಂದ ಕೊಂಡಿಯ ಮೂಲಕ ತೆರೆದ ಪುಟದಲ್ಲಿ, ಬೇರೆಯವರ ಕಂಪ್ಯೂಟರಿನಲ್ಲಿ, ಹೆಗಲ ಮೇಲೆ ಕಣ್ಣಿರುವ ಕಡೆ ಒತ್ತುವ ಪ್ರಮೇಯವೇ ಬರಬಾರದು. 28 ಬಾರಿ ದಾಳ ಉರುಳಿಸಿ ಗಳಿಸಿದ ಬಲ ಇಲ್ಲಿ ಕಾಸಿನ ಕೆಲಸಕ್ಕೂ ಬರುವುದಿಲ್ಲ.

ಮೂರು ತಿಂಗಳಿಗೊಮ್ಮೆ ಬದಲಿಸುವ ಅಗತ್ಯವಿಲ್ಲ. ಯಾರೋ ನೋಡಿದರೆಂಬ ಅನುಮಾನ, ಯಂತ್ರಕ್ಕೆ ಸೋಂಕು, ಸೇವೆಯಿಂದ ವಾಲ್ಟ್ ಸೋರಿದ ಸುದ್ದಿ, ಇವು ಬದಲಿಸಬೇಕಾದ ಸಂದರ್ಭಗಳು. ಆಗ ಮರೆಯಬಾರದ ಸಂಗತಿಯೊಂದಿದೆ: ಕಳುವಾದ ಪ್ರತಿ ಹಳೆಯ ಪಾಸ್‌ವರ್ಡಿಗೇ ತೆರೆಯುತ್ತದೆ, ನೀವು ಇಂದು ಇಟ್ಟ ಹೊಸದು ಅದನ್ನು ಮುಟ್ಟುವುದೂ ಇಲ್ಲ. ಹಳೆಯದು ದುರ್ಬಲವಾಗಿತ್ತೆಂದರೆ ಒಳಗಿರುವ ಪಾಸ್‌ವರ್ಡ್‌ಗಳನ್ನೇ, ಇಮೇಲ್ ಮತ್ತು ಹಣದ ಖಾತೆಗಳಿಂದ ಆರಂಭಿಸಿ, ಒಂದೊಂದಾಗಿ ಬದಲಿಸಬೇಕಾಗುತ್ತದೆ.

ಕೊನೆಗೆ ಆ ಕಾಗದ. ಅನೇಕರು ಅದನ್ನು ಹರಿದು ಬಿಸಾಡಲು ಹೇಳುತ್ತಾರೆ, ನಾನು ಹೇಳುವುದಿಲ್ಲ. ಹೆಚ್ಚಿನ ಮ್ಯಾನೇಜರ್‌ಗಳಲ್ಲಿ ಮಾಸ್ಟರ್ ಪಾಸ್‌ವರ್ಡನ್ನು ಸಂಸ್ಥೆಯವರೂ ಮರಳಿ ಕೊಡಲಾರರು, ಏಕೆಂದರೆ ಅವರ ಬಳಿ ಅದು ಇರುವುದೇ ಇಲ್ಲ. ಜ್ವರ, ಅಪಘಾತ, ದೀರ್ಘ ಪ್ರವಾಸ ಯಾವುದಾದರೂ ಒಂದು ನೆನಪನ್ನು ಅಳಿಸಬಹುದು. ದೂರದೇಶದ ಕಳ್ಳನಿಗೆ ನಿಮ್ಮ ಮನೆಯ ಬೀರುವಿನಲ್ಲಿರುವ ಲಕೋಟೆ ಕಾಣುವುದಿಲ್ಲ. ಪದಗಳನ್ನು ಅಚ್ಚುಕಟ್ಟಾಗಿ, ಪಾಸ್‌ವರ್ಡಿನಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಅಡ್ಡಗೆರೆಗಳ ಸಮೇತ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮಹತ್ವದ ದಾಖಲೆಗಳ ಜೊತೆ ಇಡಿ. ಮನೆಯವರ ಮೇಲೆಯೇ ಸಂಶಯವಿದ್ದರೆ ಜಾಗ ಬೇರೆಯಾಗಬೇಕು. ಅಂಟಿಸುವ ಮುನ್ನ ಒಮ್ಮೆ, ನೆನಪನ್ನು ಬದಿಗಿಟ್ಟು, ಆ ಕಾಗದದಲ್ಲಿ ಇರುವುದನ್ನಷ್ಟೇ ನೋಡಿ ಅಕ್ಷರ ಅಕ್ಷರವಾಗಿ ಒತ್ತಿ ವಾಲ್ಟ್ ತೆರೆಯುತ್ತದೆಯೇ ಪರೀಕ್ಷಿಸಿ.